ಶುಕ್ರವಾರ ಹೊರಟವಳು

"ಗ್ಯಾಸಿನವನಿಗೆ ಓಟಿಪಿ ಹೇಳಿದ್ಯೇನೇ?" ಎಂದು ಸುಶೀಲಮ್ಮ ಅಡುಗೆಮನೆಯಿಂದ ಕೂಗಿದಾಗ ಲಾವಣ್ಯಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಹೇಳೀನ್ರಿ ಆಂಟಿ."

ದಿಲ್ಲಿಯ ಯೂನಿವರ್ಸಿಟಿಯಿಂದ ನೋಯ್ಡಾದ ಈ ಮನೆಗೆ ಒಂದೂವರೆ ಗಂಟೆ. ರಾಜೀವ್ ಚೌಕದಲ್ಲಿ ಮೆಟ್ರೋ ಬದಲಿಸುವಾಗ ಯಾರದೋ ಮೊಣಕೈ ತಗುಲಿ ಪಕ್ಕೆಲುಬು ಇನ್ನೂ ನೋಯುತ್ತಿತ್ತು. ಒಂದು ಲೋಟ ನೀರು ಕುಡಿದು ಮಲಗಿಬಿಟ್ಟರೆ ಸಾಕಾಗಿತ್ತು. ಆದರೆ ಇವತ್ತು ಗುರುವಾರ. ಹೇಳುವುದಿದ್ದರೆ ಇವತ್ತೇ ಹೇಳಬೇಕು.

ಪಿಎಚ್‌ಡಿಗೆಂದು ಗದಗದಿಂದ ಬಂದ ಹೊಸದರಲ್ಲಿ ಅವಳು ಈ ಮನೆಗೆ ಹದಿನೈದು ದಿನಕ್ಕೆಂದು ಬಂದಿಳಿದಿದ್ದಳು. ಮನೆಯ ಯಜಮಾನ ಚಂದ್ರಮೋಹನ ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು, ಅವಳ ಸೋದರಮಾವನ ಹಳೆಯ ಸ್ನೇಹಿತರು. ಆ ಹದಿನೈದು ದಿನ ಎಳೆದೂ ಎಳೆದೂ ಎರಡು ವರ್ಷವಾಗಿತ್ತು. ಬಾಡಿಗೆಯ ಮಾತೆತ್ತಿದಾಗ ಅವರ ಹೆಂಡತಿ ಸುಶೀಲಮ್ಮ, "ಮನೆಮಗಳ ಹತ್ರ ಯಾರಾದ್ರೂ ಬಾಡಿಗೆ ತಗೋತಾರಾ?" ಎಂದು ಬಾಯಿ ಮುಚ್ಚಿಸಿದ್ದರು. ಬಾಡಿಗೆ ಕೊಟ್ಟಿದ್ದರೆ ಕದ ಹಾಕಿಕೊಂಡು ಓದಬಹುದಿತ್ತು. ಮನೆಮಗಳಿಗೆ ಎಲ್ಲಿಯ ಕದ? ಪುಸ್ತಕ ತೆರೆದರೆ ಬಿಪಿ ನೋಡಲು ಕರೆ, ಬರೆಯಲು ಕೂತರೆ ತರಕಾರಿಯವನ ಜೊತೆ ಹಿಂದಿಯಲ್ಲಿ ಜಗಳವಾಡಲು ಕರೆ. ಸಂಜೆಯ ಧಾರಾವಾಹಿಗೆ ಜೊತೆ ಬೇಕು. ಊರಿಗೆ ಫೋನ್ ಮಾಡಿ ಗೋಳು ತೋಡಿಕೊಂಡರೆ ಅವ್ವ, "ಉಂಡ ಮನಿ ಜಂತಿ ಎಣಸಬ್ಯಾಡ" ಎನ್ನುತ್ತಿದ್ದಳು. ಜಂತೆ ಎಣಿಸುವಷ್ಟು ಪುರುಸೊತ್ತು ಅವಳಿಗೆಲ್ಲಿತ್ತು?

ಬುಧವಾರ ಹಾಸ್ಟೆಲ್‌ನಿಂದ ಪತ್ರ ಬಂದಿತ್ತು. ಒಂದು ಕೋಣೆ ಖಾಲಿಯಾಗಿದೆ. ಶುಕ್ರವಾರ ಸಂಜೆ ಐದರೊಳಗೆ ಸಾಮಾನಿನೊಂದಿಗೆ ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮಾರ್ಚಿಗೆ ಥೀಸಿಸ್ ಸಲ್ಲಿಸಬೇಕು. ಇಲ್ಲಿದ್ದರೆ ಅದು ಮುಗಿಯುವುದಿಲ್ಲ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ತೊಡಕು ಇದ್ದದ್ದು ಶುಕ್ರವಾರದ್ದೇ. ಆ ದಿನ ಮನೆಯ ಹೆಣ್ಣುಮಕ್ಕಳನ್ನು ಸುಶೀಲಮ್ಮ ಮನೆಯಿಂದ ಕಳಿಸುವವರಲ್ಲ. ಹೋದ ವರ್ಷ ಮಗಳು ಧನ್ಯಾಳಿಗೆ ಪುಣೆಯ ಟಿಕೆಟ್ ಶುಕ್ರವಾರವೇ ಸಿಕ್ಕಾಗ, ಹಿಂದಿನ ಸಂಜೆಯೇ ಅವಳದೊಂದು ಚೀಲವನ್ನು ಎದುರು ಫ್ಲ್ಯಾಟಿನ ಅಮಿತಾಳ ಮನೆಯಲ್ಲಿಟ್ಟು ಪ್ರಸ್ಥಾನ ಮಾಡಿಸಿದ್ದರು. ಚೀಲ ಹೊಸ್ತಿಲು ದಾಟಿದರೆ ಪ್ರಯಾಣ ಗುರುವಾರವೇ ಶುರುವಾದಂತೆ. ಹೊರಡುವ ತನಕ ಅದನ್ನು ಒಳಗೆ ತರುವಂತಿಲ್ಲ. "ಮಮ್ಮಿ, ಯೇ ಕ್ಯಾ ಡ್ರಾಮಾ ಹೈ!" ಎಂದು ಧನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಲಾವಣ್ಯಾಳೂ ನಕ್ಕಿದ್ದಳು.

ಸುಶೀಲಮ್ಮ ಬಟಾಣಿ ಬಿಡಿಸುತ್ತಿದ್ದರು. ಲಾವಣ್ಯಾ ಎದುರಿಗೆ ಕೂತು ತಾನೂ ಎರಡು ಕಾಯಿ ಕೈಗೆತ್ತಿಕೊಂಡಳು.

"ಆಂಟಿ, ನನಗ ಹಾಸ್ಟೆಲ್ ಸೀಟು ಸಿಕ್ಕೈತ್ರಿ. ನಾಳೆ ಐದರೊಳಗ ಹೋಗ್ಬೇಕು, ಇಲ್ಲಾಂದ್ರ ಬ್ಯಾರೆಯವ್ರಿಗೆ ಕೊಡ್ತಾರ."

ಸುಶೀಲಮ್ಮನ ಬೆರಳು ನಿಂತಿತು. "ಇಲ್ಲಿ ಏನು ಕಮ್ಮಿಯಾಯ್ತೇ ನಿಂಗೆ?"

"ಕಮ್ಮಿ ಏನಿಲ್ರಿ. ದಣಿದೀನ್ರಿ ಆಂಟಿ, ಅಷ್ಟ."

ಸೋಫಾದಲ್ಲಿ ಪೇಪರ್ ಹಿಡಿದಿದ್ದ ಚಂದ್ರಮೋಹನ "ಅಚ್ಛಾ" ಎಂದರು. ಅವರ ಮಾತು ಅಲ್ಲಿಗೆ ಮುಗಿಯಿತು.

"ನಾಳೆ ಶುಕ್ರವಾರ" ಎಂದರು ಸುಶೀಲಮ್ಮ. ಅದಕ್ಕೆ ಉತ್ತರವನ್ನು ಲಾವಣ್ಯಾ ನಿನ್ನೆಯಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅದು ಬೇಕಾಗಲೇ ಇಲ್ಲ.

"ಧನ್ಯಾ ಆಗಿದ್ರೆ ಬೇಡ ಅಂತಿದ್ದೆ. ನಿನ್ನ ತಡೆಯೋಕೆ ನಾನ್ಯಾರು? ಹೋಗು."

ಕೇಳಿದ್ದು ಸಿಕ್ಕಿತ್ತು. ಆದರೆ ಮನೆಮಗಳು ಎನ್ನಿಸಿಕೊಂಡು ಬೇಸತ್ತವಳಿಗೆ, ಅಲ್ಲ ಎನ್ನಿಸಿಕೊಳ್ಳುವುದು ಇಷ್ಟು ಕಷ್ಟವಾಗಬಹುದೆಂದು ತಿಳಿದಿರಲಿಲ್ಲ. ಎದ್ದು, ಇಸ್ತ್ರಿ ಮಾಡುವ ಪ್ರೆಸ್ ಭಯ್ಯಾನ ಹತ್ತಿರವಿದ್ದ ಬಟ್ಟೆ ತರಲು ಕೆಳಗೆ ಹೋದಳು. ಮನೆಯವರದ್ದನ್ನೂ ಸೇರಿಸಿ ತಂದಳು; ರೂಢಿ.

ಬೆಳಿಗ್ಗೆ ಕ್ಯಾಬ್ ಬುಕ್ ಮಾಡಿ ನೋಡಿದರೆ ತನ್ನ ಹಸಿರು ಕೈಚೀಲವಿಲ್ಲ. ಗೈಡ್ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಥೀಸಿಸ್ ಅದರಲ್ಲಿತ್ತು, ಇದ್ದದ್ದು ಅದೊಂದೇ ಪ್ರತಿ. ಮಂಚದ ಕೆಳಗೆ, ಬೀರುವಿನ ಹಿಂದೆ, ಬಾಲ್ಕನಿಯಲ್ಲಿ, ಎಲ್ಲೂ ಇಲ್ಲ.

"ಆಂಟಿ, ನನ್ನ ಹಸರ ಚೀಲ ನೋಡೀರೇನು?"

"ಸಿಗುತ್ತೆ. ಹೊರಡು."

"ಎಲ್ಲೈತ್ರಿ?"

"ಹೊರಡೋವಾಗ ಸಿಗುತ್ತೆ ಅಂದೆನಲ್ಲ."

ಎರಡು ವರ್ಷದ ದಣಿವೆಲ್ಲ ಒಟ್ಟಿಗೇ ನಾಲಿಗೆಗೆ ಬಂತು. "ನಾ ಹೋಗಬಾರದಂತ ಮುಚ್ಚಿಟ್ಟೀರೇನ್ರಿ?"

ಚಂದ್ರಮೋಹನ ಪೇಪರ್ ಕೆಳಗಿಳಿಸಿದರು. ಸುಶೀಲಮ್ಮ ಅವಳನ್ನೇ ನೋಡಿದರು. ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದು ಬಾಗಿಲ ಬಳಿ ಚಾಚಿದರು.

"ಮೊದ್ಲ ನನ್ನ ಚೀಲ ಕೊಡ್ರಿ" ಎಂದಳು ಲಾವಣ್ಯಾ. ಬಟ್ಟಲಿಗೆ ಬೆರಳು ಹಚ್ಚದೆ ಸೂಟ್‌ಕೇಸನ್ನು ಎಳೆದುಕೊಂಡು ಹೊಸ್ತಿಲು ದಾಟಿದಳು.

ಗಾಲಿಯ ಸದ್ದಿಗೆ ಎದುರಿನ ಬಾಗಿಲು ತೆರೆಯಿತು. ಅಮಿತಾಳ ಕೈಯಲ್ಲಿ ಹಸಿರು ಚೀಲ.

"ಯೇ ಲೋ ಬೇಟಾ" ಎಂದು ಚೀಲ ಚಾಚಿ ಅವಳು ಹಿಂದಿಯಲ್ಲಿ ಹೇಳಿದಳು, "ಆಂಟೀಜಿ ನಿನ್ನೆ ಸಂಜೆಯೇ ತಂದಿಟ್ಟರು. ಧನ್ಯಾಳದ್ದು ಇಟ್ಟಿದ್ದ ಜಾಗದಲ್ಲೇ ಇಡು ಅಂದರು."

ಲಾವಣ್ಯಾ ಚೀಲ ತೆಗೆದುಕೊಂಡಳು. ಹಿಡಿಕೆಯ ಬುಡದಲ್ಲಿ ಕುಂಕುಮದ ಒಂದು ಬೊಟ್ಟಿತ್ತು. ಕ್ಯಾಬಿನವನ ಫೋನು ಬರುತ್ತಲೇ ಇತ್ತು. ಅವಳು ಹಿಂತಿರುಗಿ ನೋಡಿದಳು.

ಸುಶೀಲಮ್ಮ ಹೊಸ್ತಿಲ ಒಳಗೇ ನಿಂತಿದ್ದರು. ಚಾಚಿದ ಬಟ್ಟಲನ್ನು ಅವರು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.