ಸೊಟ್ಟ ಹಣ್ಣಿನ ಬೀಜ

ಆ ಚಳಿಗಾಲ ನಮ್ಮ ಮಾಳಿಗೆಯ ಮೇಲೆ ಟೊಮೆಟೊ ದುಂಡಗೆ ಬಿಟ್ಟಿತು.

ಬೇರೆ ಯಾರ ಮನೆಯಲ್ಲಾದರೂ ಇದು ಸಂತೋಷದ ಮಾತು. ಅವ್ವ ಮಾತ್ರ ಪೇಂಟಿನ ಬಕೆಟ್ಟುಗಳ ಸಾಲಿನ ಮುಂದೆ ಕುಳಿತು, ಎಲೆ ಸರಿಸಿ, ಒಂದೊಂದೇ ಹಣ್ಣಿನ ಮೈಯನ್ನು ಹೆಬ್ಬೆರಳಿನಿಂದ ಸವರಿದಳು. ಹೆಬ್ಬೆರಳು ಎಲ್ಲೂ ತಡೆಯದೆ ಜಾರಿತು. "ಇವು ನಮ್ಮವಲ್ಲ" ಎಂದು ಎದ್ದು ಕೆಳಗಿಳಿದಳು. 

ನಮ್ಮದು ನಿರಿಗಿ ಟಮಾಟಿ. ಸೀರೆಯ ನಿರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದ ಹಾಗೆ ತೊಟ್ಟಿನ ಸುತ್ತ ಮಡಿಕೆ ಮಡಿಕೆ. ಒಂದು ಹಣ್ಣು ಇನ್ನೊಂದರಂತೆ ಇರುವುದಿಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಪೂರ್ತಿ ಹಣ್ಣಾದರೂ ಹೆಗಲು ಹಸಿರು. ಕೊಯ್ದ ಮರುದಿನವೇ ಬಿರಿಯುವುದರಿಂದ ರಾಯಚೂರಿನ ತೀನ್ ಕಂದೀಲ್ ಚೌಕದ ತರಕಾರಿ ಅಂಗಡಿಗಳಲ್ಲಿ ಅದನ್ನು ಕಂಡವರಿಲ್ಲ. ಅದರ ಹುಳಿ ಮೊದಲು ನಾಲಿಗೆಗೆ ತಾಗಿ, ಆಮೇಲೆ ಕಿವಿಯ ಹಿಂದೆ ಎಲ್ಲೋ ಹೋಗಿ ಕೂರುತ್ತದೆ. ಸಾರಿಗೆ ಹುಣಸೆಹಣ್ಣು ಬೇಕಾಗುವುದಿಲ್ಲ.

ಅದು ಅರಕೇರಾದಲ್ಲಿ ನಮ್ಮ ಅಜ್ಜಿ ಬೆಳೆಯುತ್ತಿದ್ದ ಬೀಜ. ಅವ್ವ ಮದುವೆಯಾಗಿ ರಾಯಚೂರಿಗೆ ಬರುವಾಗ ಉಡಿಗೆ ಹಾಕಿ ಕಳಿಸಿದ್ದು. ಹಣ್ಣು ಹಿಚುಕಿ, ಬೀಜವನ್ನು ಒಲೆಯ ಬೂದಿಯಲ್ಲಿ ಹೊರಳಿಸಿ, ಹಳೆ ಸೀರೆಯ ತುಂಡಿನ ಮೇಲೆ ನೆರಳಲ್ಲಿ ಒಣಗಿಸಿ ಇಡುತ್ತಾರೆ. ಕೊಡುವುದಕ್ಕೂ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಕೊಡುವವರೂ ಬಾಯಿ ಬಿಡಬಾರದು, ತಗೊಳ್ಳುವವರೂ ಬಿಡಬಾರದು. ಸೆರಗಿನ ಉಡಿಯೊಡ್ಡಬೇಕು, ಹಾಕಿಸಿಕೊಳ್ಳಬೇಕು, ಹೋಗಬೇಕು.

"ಯಾಕ ಯವ್ವಾ?" ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ಮಾತಾಡಿದ್ರ ಬೀಜಾ ಆ ಮಾತು ಕೇಳ್ಕೋತ ಕುಂದರ್ತದ. ಹುಟ್ಟೂದು ಮರ್ತುಬಿಡ್ತದ."

ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತ ಮೇಲೆ, ಬಂದವರೆಲ್ಲ 'ಮುಂದೇನು ವಿಶಾಖಾ' ಎಂದು ಕೇಳುವಾಗ, ನನಗೆ ಆ ಮಾತು ನೆನಪಾಗುತ್ತದೆ.

ನಮ್ಮ ಓಣಿಯ ಹೈಸ್ಕೂಲ್ ಟೀಚರ್ ಮೌನೇಶ್ವರಿ ಸುಮ್ಮನಿದ್ದದ್ದನ್ನು ಯಾರೂ ನೋಡಿಲ್ಲ. ಮನೆಯ ಮೇಲೆ ತರಕಾರಿ ಬೆಳೆಯುವವರಿಗಾಗಿ 'ಮಾಳಿಗಿ ತೋಟ' ಎಂಬ ವಾಟ್ಸ್ಯಾಪ್ ಗುಂಪು ಕಟ್ಟಿದವಳು ಅವಳೇ. ಅವ್ವನಿಂದ ಬೀಜ ಹಾಕಿಸಿಕೊಳ್ಳುವಾಗ ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಗುಂಪಿನಿಂದ ನಿರಿಗಿ ಟಮಾಟಿ ಕಲ್ಮಲಕ್ಕೆ, ಮಾನ್ವಿಗೆ, ದೇವದುರ್ಗಕ್ಕೆ ಹೋಯಿತು. ಹೋದಲ್ಲೆಲ್ಲ ಅವ್ವನ ಹೆಸರೂ ಹೋಯಿತು. ಕೂಲಿ ಮಾಡಿ ಬದುಕಿದ ಹೆಂಗಸನ್ನು ಗುರುತಿಲ್ಲದವರು 'ಗೋಪಮ್ಮನವರು' ಎಂದು ಬರೆಯತೊಡಗಿದರು.

ಆ ವರ್ಷ ಮೌನೇಶ್ವರಿಯ ಮಾಳಿಗೆಯಲ್ಲೂ ದುಂಡನೆಯ ಹಣ್ಣೇ. ಸ್ಟೀಲಿನ ಬುಟ್ಟಿ ತುಂಬ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟಳು. ಓಣಿಯ ನಾಲ್ಕು ಹೆಂಗಸರು ಅಲ್ಲಿದ್ದರು.

"ಗೋಪಕ್ಕಾ, ನಿನ್ನ ನಿರಿಗಿ ಎಲ್ಲಿ ಹೋದ್ವು ಬೇ? ಇಸ್ತ್ರಿ ಮಾಡಿಸಿ ಕೊಟ್ಟೀ ಏನು?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆದರೆ ಸಂಜೆ ಗುಂಪಿನಲ್ಲಿ ಯಾರೋ ಬರೆದರು: 'ನಮ್ಮಲ್ಲೂ ಹಂಗ ಅದ. ಗೋಪಮ್ಮನವರ ಬೀಜ ಅಂದ್ರ ಅಂಗಡಿ ಬೀಜಾನ ಅಂತ ಈಗ ತಿಳೀತು.' ಅವ್ವ ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. ಫೋನನ್ನು ಬೋರಲು ಹಾಕಿದಳು.

ಅಂದಿನಿಂದ ಬೀಜ ಕೇಳಿ ಬಂದವರು ಬರಿಗೈಯಲ್ಲಿ ಹೋದರು. "ಇಲ್ಲ ಯವ್ವಾ. ಸುಳ್ಳು ಬೀಜಾ ಯಾರ ಉಡ್ಯಾಗೂ ಹಾಕೂದಿಲ್ಲ ನಾನು." ಒಂದು ದಿನ ನನ್ನನ್ನು ಕರೆದು ಹೇಳಿದಳು: "ಮಿರಗದೊಳಗ ಖರೇ ಬೀಜಾ ಸಿಗ್ಲಿಲ್ಲಂದ್ರ ಈ ಬಕೆಟ್ ಎಲ್ಲಾ ಗುಜರಿಗಿ ಹಾಕಿಬಿಡು. ಮಾಳಿಗಿ ಹತ್ತೂದ ಬ್ಯಾಡ."

ಮಿರಗವೆಂದರೆ ಬಿತ್ತನೆಯ ಮಳೆ, ಮೃಗಶಿರಾ. ಅದಕ್ಕಿನ್ನೂ ಒಂದು ಬೇಸಿಗೆ ಬಾಕಿಯಿತ್ತು.

ಮಾನ್ವಿಯ ಸುನಂದಾ ನಮ್ಮಿಂದ ಎಲ್ಲರಿಗಿಂತ ಮೊದಲು ಬೀಜ ಒಯ್ದವಳು, ರೈಸ್‌ಮಿಲ್ಲಿನ ಮನೆಯ ಸೊಸೆ. ಹಳೆಯ ಬೀಜವಾದರೂ ಅವಳಲ್ಲಿ ಉಳಿದಿರಬಹುದೆಂದು ಖಾಲಿ ಡಬ್ಬಿ ಹಿಡಿದು ಹೊರಟೆ. ಕಲ್ಲೂರು ದಾಟುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿದ್ದೆ. ನಾಟಿಯ ಗದ್ದೆಗಳ ನೀರು ಗಾಳಿಗೆ ಮಡಿಕೆ ಬಿದ್ದು, ಬಿಚ್ಚಿ, ಮತ್ತೆ ಮಡಿಕೆ ಬೀಳುತ್ತಿತ್ತು. ಅರೆನಿದ್ದೆಯಲ್ಲಿ ಯಾರೋ ಹೆಂಗಸು ಇಡೀ ಬಯಲನ್ನು ಸೀರೆಯ ಹಾಗೆ ಹಿಡಿದು, ಉಡಲೋ ಬೇಡವೋ ಎಂದು ನಿಂತಂತೆ ಕಂಡಿತು. ಮುಖ ಕಾಣಲಿಲ್ಲ.

ಮಿಲ್ಲಿನ ಸದ್ದು ಸುನಂದಾಳ ಮಾಳಿಗೆಯವರೆಗೂ ನೆಲದೊಳಗಿಂದ ಬರುತ್ತಿತ್ತು. ಎಲೆಗಳ ಮೇಲೆಲ್ಲ ತೌಡಿನ ಪುಡಿ.

"ಬರ್ರಿ ಬರ್ರಿ ವಿಶಾಖಾ! ನಿಮ್ಮವ್ವನ ಬೀಜಾ ಹೆಂಗ ಸುಧಾರಿಸೀನಿ ನೋಡ್ಬರ್ರಿ."

ಕೆಂಪಗೆ, ಒಂದೇ ಅಳತೆಯಲ್ಲಿ, ಬಣ್ಣದ ಬಲ್ಬು ತೂಗುಬಿಟ್ಟ ಹಾಗೆ ಹಣ್ಣುಗಳಿದ್ದವು.

"ಮೊದಲಿನ ವರ್ಷ ಮಡಿಕಿ ಮಡಿಕಿನ ಇದ್ವು ನೋಡ್ರಿ. ನಮ್ಮತ್ತಿ, ಇದೇನ ಮುದುಕಿ ಮಾರಿ ಇದ್ದಂಗ ಅದ ಅಂದ್ರು. ತಾವೇ ಮುದುಕಿ, ಯಾರು ಹೇಳ್ಬೇಕು? ಅದಕ ನಾ ಏನ್ ಮಾಡಿದೆ, ಚಲೋ ಚಲೋ ಹಣ್ಣ ಆರಿಸಿ ಅವುರ ಬೀಜಾನ ಇಟ್ಟೆ. ವರ್ಷಾ ವರ್ಷಾ ಹಂಗ."

"ಸೊಟ್ಟ ಹಣ್ಣು?"

"ಅವು ಸಾರಿಗಿ. ರುಚಿ ಅವುರದ ಚಲೋ ಅಲ್ರೀ."

ಚಹಾದ ಕಪ್ಪು ನನ್ನ ಕೈಯಲ್ಲೇ ಉಳಿಯಿತು. ನಮ್ಮ ಮಾಳಿಗೆ ಕಣ್ಣಿಗೆ ಬಂತು. ಅವ್ವ ಪ್ರತಿ ವರ್ಷ ದೊಡ್ಡದಾದ, ಬಿರಿಯದ, ನಯವಾದ ಹಣ್ಣೊಂದನ್ನು ಬೇರೆ ಇಟ್ಟು 'ಇದು ಬೀಜಕ್ಕ, ಯಾರೂ ಮುಟ್ಟಬ್ಯಾಡ್ರಿ' ಎನ್ನುತ್ತಿದ್ದದ್ದು. ಸೊಟ್ಟವನ್ನು, ಬಿರಿದವನ್ನು ನಾವು ಅಂದೇ ಚಟ್ನಿ ಮಾಡುತ್ತಿದ್ದದ್ದು. ಪಕ್ಕದ ಮಾಳಿಗೆಯ ದುಂಡು ಟೊಮೆಟೊದ ಹೂವಿನಿಂದ ದುಂಬಿಗಳು ಏನಾದರೂ ತಂದು ಹಾಕಿರಬಹುದು. ಆದರೆ ಅವು ತಂದದ್ದನ್ನು ಆರಿಸಿ ಇಟ್ಟುಕೊಂಡವರು ನಾವು. ನಿರಿಗೆಯನ್ನು ಯಾರೂ ಕದ್ದಿರಲಿಲ್ಲ. ಬೀಜ ಒಯ್ದ ಪ್ರತಿ ಮನೆಯಲ್ಲೂ ಅದನ್ನು ರುಚಿಯಾಗಿದೆ ಎಂದು ತಿಂದು ಮುಗಿಸಿದ್ದರು.

ನಾನು ಕೇಳದಿದ್ದರೂ ಸುನಂದಾ ಡಬ್ಬಿ ತುಂಬ ದುಂಡು ಹಣ್ಣು ತುಂಬಿ ಕಳಿಸಿದಳು.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಧಾನವಾಗಿ, ಆಮೇಲೆ ನಿಂತಿತು.

"ಚಂದ ಇದ್ದದ್ದು ಇಟ್ಕೋ ಅಂತ ನಮ್ಮವ್ವ ಎಂದೂ ಹೇಳಿದ್ದಿಲ್ಲ."

"ಮತ್ತ ಏನ್ ಹೇಳಿದ್ಲು?"

"ಏನೂ ಹೇಳಿದ್ದಿಲ್ಲ." ತವೆಯ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. "ಸುಮ್ಮನ ಉಡ್ಯಾಗ ಹಾಕಿದ್ಲು. ನಾ ಬಸ್ ಹತ್ತಿದೆ."

ರೊಟ್ಟಿ ಮಗುಚಿ ಹಾಕಿ ಅಂದಳು: "ನಾಳಿ ಅರಕೇರಿಗಿ ಹೋಗೂಣು."

ದೇವದುರ್ಗದಲ್ಲಿ ಬಸ್ಸು ಬದಲಿಸಿ ಅರಕೇರಾ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜಿಯ ಮನೆಯಿದ್ದ ಜಾಗದಲ್ಲಿ ಮಾವ ಸೂಗಪ್ಪ ಕಟ್ಟಿಸಿದ ಸಿಮೆಂಟಿನ ಮನೆ ಇದೆ. ಹಿತ್ತಲಿಗೂ ಫರ್ಶಿಕಲ್ಲು ಹಾಸಿದ್ದಾನೆ.

"ಟಮಾಟಿ ಸಲುವಾಗಿ ಬಂದ್ಯಾ ಯಕ್ಕಾ?" ಮಾವ ಹೊಟ್ಟೆ ಹಿಡಿದು ನಕ್ಕ. "ರಾಯಚೂರಾಗ ತುಟ್ಟಿ ಆಗ್ಯಾವಂತ ಕೇಳಿದ್ದೆ, ಇಷ್ಟ್ ತುಟ್ಟಿ ಅಂತ ಗೊತ್ತಿದ್ದಿಲ್ಲ ನೋಡು."

"ಅವ್ವ ಯಾರ್‍ಯಾರಿಗಿ ಬೀಜಾ ಕೊಟ್ಟಿದ್ಲೋ ಸೂಗಾ?"

"ಆಕಿ ಯಾರಿಗಾದ್ರೂ ಹೇಳಿ ಕೊಟ್ಟಾಳೇನು?"

ಅವ್ವ ಊಟಕ್ಕೂ ನಿಲ್ಲದೆ ಹೊರಟಳು. ಯಾರ ಬಾಗಿಲನ್ನೂ ಬಡಿಯಲಿಲ್ಲ. ಮನೆಗಳ ಹಿಂಬದಿಯ ಸಂದಿಗಳಲ್ಲಿ ನಡೆದಳು, ನಾನು ಹಿಂದೆ. ಸಾಕಷ್ಟು ಮನೆಗಳಿಗೆ ಬೀಗ, ದುಡಿಯಲು ಹೋದವರು ಇನ್ನೂ ಬಂದಿರಲಿಲ್ಲ. ನೆರಳುಗಳು ಗೋಡೆಯ ಬುಡಕ್ಕೆ ಸೇರಿಕೊಂಡಿದ್ದವು. ಎಲ್ಲೋ ಒಂದು ಕೋಳಿ ಕೂಗಿ, ತಪ್ಪಾಯಿತೆಂಬಂತೆ ನಡುವೆಯೇ ನಿಲ್ಲಿಸಿತು. ಅವ್ವನ ನಡಿಗೆ ಬದಲಾಗಿತ್ತು. ಈ ಸಂದಿಗಳಲ್ಲಿ ಅವಳ ಪಾದಕ್ಕೆ ತಾನೇ ಗೊತ್ತಿದ್ದ ಒಂದು ದಾರಿ ಇತ್ತು. ನಾನು ಇನ್ನೂ ಹುಟ್ಟಿರದ ಒಂದು ಮಧ್ಯಾಹ್ನದೊಳಗೆ ಅವಳ ಹಿಂದೆ ನಡೆಯುತ್ತಿದ್ದೇನೆ ಅನಿಸಿತು. ಕರೆದರೆ ತಿರುಗಿ ನೋಡುವವಳು ಒಬ್ಬ ಹುಡುಗಿಯಾಗಿರಬಹುದು. ಕರೆಯಲಿಲ್ಲ.

ಒಂದು ಕಡೆ ಅವಳು ನಿಂತುಬಿಟ್ಟಳು.

ಮಣ್ಣಿನ ಗೋಡೆಯ ಬುಡದಲ್ಲಿ ಬಚ್ಚಲ ನೀರು ಹೊರಬರುವ ಮೋರಿ. ಅದರ ದಂಡೆಯಿಂದ ಎದ್ದ ಬಳ್ಳಿಯಂಥ ಗಿಡ, ಕೋಲಿಲ್ಲ, ಪಾತಿಯಿಲ್ಲ, ಜಾಲಿ ಮುಳ್ಳಿನ ಬೇಲಿಯ ಮೇಲೆ ಬಿದ್ದು ಹಬ್ಬಿತ್ತು. ಮುಳ್ಳಿನ ನಡುವೆ ಹಣ್ಣುಗಳು. ಹಸಿರು ಹೆಗಲು, ಬಿರಿದ ಮೈ, ಮಡಿಕೆಯ ಮೇಲೆ ಮಡಿಕೆ.

ಅವ್ವ ಕೈ ಚಾಚಿ ಒಂದು ಹಣ್ಣಿನ ಮೇಲೆ ಹೆಬ್ಬೆರಳಿಟ್ಟಳು. ಹೆಬ್ಬೆರಳು ತಗ್ಗಿಗೆ ಇಳಿದು, ಅಲ್ಲೇ ನಿಂತಿತು.

"ಯಾರದು?" ಗೋಡೆಯಾಚೆಯಿಂದ ಒಂದು ಮುದಿದನಿ. ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಕೋಲೂರಿ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಗೋಪಿ ಅಲ್ಲೇನು? ಯಾ ಅಲ್ಲಾ! ಕಳ್ಳಿ ಬಂದಂಗ ಹಿತ್ತಲದಾಗಿಂದ ಬಂದೀಯಲ್ಲೇ!"

"ಅಮೀರ್ ಬೀ ಕಾಕೂ," ಎಂದಳು ಅವ್ವ. ನಮ್ಮ ಅಜ್ಜಿಯ ಗೆಳತಿ. "ಈ ಗಿಡಾ ನೀನು ಹಚ್ಚೀಯೇನು?"

"ಅದಾ? ಅದನ್ನ ಯಾರ್ ಹಚ್ಚತಾರ ಬೇಟಾ. ತಾನ ಹುಟ್ತದ, ತಾನ ಸಾಯ್ತದ. ಉದುರಿದ್ದು ಕೋಳಿ ತಿಂತಾವು, ಕೋಳಿನ ಬಿತ್ತತಾವು. ಬೇಕಾದಾಗ ಎರಡು ಹರ್ಕೊಂಡು ಸಾರಿಗಿ ಹಾಕ್ತೀನಿ." ಅವಳು ಗೋಡೆಗೆ ಒರಗಿದಳು. "ಕಥಿ ಕೇಳು. ನಿಮ್ಮವ್ವ ಒಂದಿನಾ ಬಂದು ನನ್ನ ಎದುರಿಗಿ ನಿಂತ್ಲು. ಏನಕ್ಕಾ ಅಂದೆ. ಮಾತಿಲ್ಲ. ನನ್ನ ಸೆರಗು ತಾನ ಹಿಡದು, ಏನೋ ಹಾಕಿ, ತಿರುಗಿ ಹೋಗೇ ಬಿಟ್ಲು. ನೋಡಿದ್ರ ಬರೀ ಬೂದಿ! ನನಗ ಅಂಜಿಕಿ ಬಂತು. ಏನ್ ಮಾಟಾನೋ ಏನೋ, ನಾ ಏನ್ ತಪ್ಪು ಮಾಡೀನಿ ಈಕಿಗಿ ಅಂತ. ಒಯ್ದು ಮೋರ್‍ಯಾಗ ಝಾಡಿಸಿ, ಕೈ ತೊಳ್ಕೊಂಡೆ. ಎಂಟು ದಿನಾ ಆಕಿ ಕೂಡ ಮಾತು ಬಿಟ್ಟೆ!"

"ಆಮ್ಯಾಲ?" ಅವ್ವ ಸೆರಗು ಬಾಯಿಗೆ ಹಿಡಿದು ಕೇಳಿದಳು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

"ಆಮ್ಯಾಲ ಮಳಿ ಬಂತು. ಮೋರಿ ತುಂಬಾ ಟಮಾಟಿ ಸಸಿ. ಆಗ ತಿಳೀತು. ಹೇಳೂಣು ಅಂದ್ರ ನಾಚಿಕಿ. ಆಕಿ ಸಾಯೂತನಕ ಹೇಳ್ಲಿಲ್ಲ ನಾ. ಬಾಯಿ ಬಿಟ್ಟು ಹೇಳಿದ್ರ ಏನ್ ಗಂಟ್ ಹೋಗ್ತಿತ್ತು ನಿಮ್ಮವ್ವಂದು?"

ಅವ್ವ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಇಬ್ಬರು ಹೆಂಗಸರು, ಒಬ್ಬಳು ಸಾಯುವವರೆಗೂ, ಆಡದೆ ಉಳಿಸಿದ ಮಾತು, ಯಾರೂ ಕಾಯದ ಆ ಮೋರಿಯಲ್ಲಿ ವರ್ಷವರ್ಷವೂ ತನ್ನ ಪಾಡಿಗೆ ಹಣ್ಣಾಗಿತ್ತು. ಅಲ್ಲಿ ಚಂದದ್ದನ್ನು ಆರಿಸುವವರು ಇರಲಿಲ್ಲ. ಕೋಳಿಗಳಿಗೆ ಎಲ್ಲ ಒಂದೇ.

ಅಮೀರ್ ಬೀ ಕೋಲಿನಿಂದ ಮುಳ್ಳು ಸರಿಸಿ ಹಣ್ಣು ಹರಿದಳು. ಅವ್ವ ಎದ್ದು ಉಡಿಯೊಡ್ಡಿದಳು, ತುಟಿ ಬಿಗಿದು. ಅಮೀರ್ ಬೀಗೆ ಕಟ್ಟಳೆ ಗೊತ್ತಿರಲಿಲ್ಲ, ಅಥವಾ ಅದರ ಮೇಲೆ ಸಿಟ್ಟಿತ್ತು. ಒಂದೊಂದು ಹಣ್ಣು ಹಾಕುವಾಗಲೂ ಮಾತಾಡಿದಳು. ಇದು ಒಡೆದದ, ಇವತ್ತೇ ಹಿಚುಕು. ಇದು ಇನ್ನೂ ಕಾಯಿ. ಇದು ನೋಡು, ನಿಮ್ಮವ್ವನ ಮಾರಿನೇ. ಅವ್ವ ಅವಳನ್ನು ತಡೆಯಲಿಲ್ಲ.

ಬೇಸಿಗೆಯಲ್ಲಿ ಬೀಜ ಸೀರೆಯ ತುಂಡಿನ ಮೇಲೆ ಒಣಗಿತು. ಅವ್ವ ಮೌನೇಶ್ವರಿಗೆ ಹೇಳಿಕಳಿಸಿದಳು. ಅವಳು ಬಂದು, ರೂಢಿಯಂತೆ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಉಡಿಯೊಡ್ಡಿದಳು.

"ಬಾಯಿ ಹಂಗ ಇರ್ಲಿ. ಕಿವಿ ತೆರಿ," ಎಂದಳು ಅವ್ವ.

ಮೌನೇಶ್ವರಿಯ ಕಣ್ಣುಗಳು ಅಗಲವಾದವು. ಬೀಜ ಕೊಡುವಾಗ ಅವ್ವನ ದನಿಯನ್ನು ನಾನೂ ಕೇಳಿದ್ದು ಅದೇ ಮೊದಲು.

"ಇದು ನಿರಿಗಿ ಟಮಾಟಿ. ಅರಕೇರಾದ್ದು, ನಮ್ಮವ್ವಂದು, ಅಮೀರ್ ಬೀ ಮೋರ್‍ಯಾಗಿಂದು. ಸೊಟ್ಟ ಹಣ್ಣಿನ ಬೀಜಾ ಇಡು. ಚಂದಂದು ತಿಂದುಬಿಡು. ಹೋದ ಸಲ ಕೊಟ್ಟಿದ್ದು ಅಂಗಡಿ ಬೀಜಾ ಅಲ್ಲ. ನಾವು ಆರಿಸಿದ್ದು ತಪ್ಪಿತ್ತು. ನಿನ್ನ ಗುಂಪಿನ್ಯಾಗ ಹಂಗ ಬರಿ. ಯಾರಿಗಿ ಕೊಟ್ರೂ ಇಷ್ಟು ಹೇಳಿ ಕೊಡು."

ಮೌನೇಶ್ವರಿ ತಲೆಯಾಡಿಸಿದಳು. ನಗಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ, ಸೆರಗನ್ನು ಬಾಯಿಂದ ಸ್ವಲ್ಪ ಸರಿಸಿದಳು.

"ಗೋಪಕ್ಕಾ, ಈಗ ಮಾತಾಡ್ಲ್ಯಾ?"

"ಮನಿಗಿ ಹೋಗಿ ಮಾತಾಡು."

ಮಿರಗ ಸರಿಯಾಗಿ ಬಂತು. ಬಕೆಟ್ಟುಗಳಲ್ಲಿ ಬೀಜ ಬಿತ್ತಿದೆವು. ಹುಟ್ಟುವ ದಿನ ಬಂದು ದಾಟಿತು. ಅವ್ವ ಮಾಳಿಗೆ ಹತ್ತುವುದು ಇಳಿಯುವುದು ಹೆಚ್ಚಾಯಿತು. ಆ ಬೀಜದ ಮೇಲೆ ತಾನೇ ಅಷ್ಟು ಮಾತಾಡಿದ್ದಳಲ್ಲ.

ಒಂದು ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಖಾಲಿಯಿತ್ತು. ಮೆಟ್ಟಿಲು ಹತ್ತಿದೆ. ಕೋಟೆಯ ಗುಡ್ಡದ ಮೇಲೆ ಮೋಡ ಇಳಿದು ಊರು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಅವ್ವ ಮೊದಲ ಬಕೆಟ್ಟಿನ ಮೇಲೆ ಬಾಗಿ, ಎಬ್ಬಿಸಿದರೂ ಏಳದ ಮಕ್ಕಳ ಹತ್ತಿರ ಮಾತಾಡುವ ಹಾಗೆ, ಮೆಲ್ಲಗೆ ಹೇಳುತ್ತಿದ್ದಳು:

"ಕೇಳಿದ್ದು ಸಾಕು. ಏಳ್ರಿ ಇನ್ನ."

ಕಡೆಯ ಬಕೆಟ್ಟು ನನ್ನ ಕಾಲ ಬಳಿ ಇತ್ತು. ಅದರ ಮಣ್ಣು ಸಣ್ಣಗೆ ಬಿರಿದಿತ್ತು. ಬಿರುಕಿನಲ್ಲಿ ನೂಲಿನಷ್ಟು ತೆಳ್ಳಗಿನ ಒಂದು ಕುತ್ತಿಗೆ ಬಾಗಿಕೊಂಡು ಮೇಲೆ ಬಂದಿತ್ತು. ತಲೆಯಿನ್ನೂ ಮಣ್ಣಿನೊಳಗೇ ಇತ್ತು.

ಅವ್ವನಿಗೆ ಹೇಳಲಿಲ್ಲ. ಅವಳು ಒಂದೊಂದೇ ಬಕೆಟ್ಟನ್ನು ಮಾತಾಡಿಸುತ್ತ ಈ ಕಡೆಗೇ ಬರುತ್ತಿದ್ದಳು.