ಗೇಟಿನಲ್ಲಿ ಹೇಳಬೇಕಾದ ಪದ

ಪುಟ್ಟಿಯ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗನೊಬ್ಬ ಒಂದು ಸಂಜೆ ಯಾರಿಗೂ ಹೇಳದೆ ಗೆಳೆಯನ ಮನೆಗೆ ಹೋಗಿ, ಆಟವಾಡುತ್ತಾ ಅಲ್ಲೇ ನಿದ್ದೆ ಹೋಗಿಬಿಟ್ಟ. ಅವನ ಅಪ್ಪ ಅಮ್ಮ ಬೀದಿಬೀದಿ ಅಲೆದರು. ಕೊನೆಗೆ ಸಿಕ್ಕಾಗ ಬೈಯುವುದೋ ಮುದ್ದಾಡುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದರು. ಮರುವಾರವೇ ಹೆಡ್‌ಮೇಡಂ ಹೊಸ ನಿಯಮ ತಂದರು. ಚಿಕ್ಕ ಮಕ್ಕಳು ಒಬ್ಬೊಬ್ಬರೇ ನಡೆದು ಹೋಗುವಂತಿಲ್ಲ. ಮನೆಯ ದೊಡ್ಡವರು ಬರಬೇಕು, ಬಂದವರು ಗೇಟಿನಲ್ಲಿ ಆ ಮಗುವಿನ ಗುಟ್ಟಿನ ಪದ ಹೇಳಬೇಕು.

ಪುಟ್ಟಿಯ ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಕತ್ತಲಾಗುವವರೆಗೆ ಬಿಡುವಿಲ್ಲ. ಅಪ್ಪ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಉಳಿದವಳು ಅಜ್ಜಿ. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಅಜ್ಜ ತೀರಿಕೊಂಡ ಮೇಲೆ ಅವಳು ಹೊಸ್ತಿಲು ದಾಟಿದ್ದೇ ಅಪರೂಪ. ಕೇಳಿದರೆ ಮೊಣಕಾಲು ನೋವು ಅನ್ನುತ್ತಿದ್ದಳು. ನೋವಿದ್ದದ್ದು ನಿಜ, ಆದರೆ ಅದೊಂದೇ ಕಾರಣವಲ್ಲವೆಂದು ಮಗಳಿಗೆ ಗೊತ್ತಿತ್ತು.

"ನೀನೇ ಹೋಗ್ಬೇಕಮ್ಮಾ. ಬೇರೆ ಯಾರಿದಾರೆ ಹೇಳು?" ಎಂದಳು ಪುಟ್ಟಿಯ ಅಮ್ಮ.

"ಆ ಪದ ಮರ್ತುಹೋದ್ರೆ?"

"ನೀನು ಮರೆಯೋಕೇ ಆಗ್ದೇ ಇರೋದನ್ನ ಕೊಟ್ಟಿದೀನಿ ಅಜ್ಜಿ," ಎಂದು ಪುಟ್ಟಿ ಅವಳ ಕಿವಿಯಲ್ಲಿ ಉಸುರಿದಳು. ಅಜ್ಜಿಯ ಮುಖ ಕೆಂಪಾಯಿತು. ಅದು ಅಜ್ಜ ಪ್ರೀತಿ ಉಕ್ಕಿದಾಗ ಅವಳನ್ನು ಕರೆಯುತ್ತಿದ್ದ ಹೆಸರು: ಮೊಲದಮರಿ.

ಮರುದಿನ ಅಜ್ಜಿ ಕೋಲೂರಿಕೊಂಡು ಹೊರಟಳು. ದೊಡ್ಡ ರಸ್ತೆಯ ಅಂಚಿನಲ್ಲಿ ವಾಹನಗಳು ಸುಂಯ್ ಸುಂಯ್ ಎಂದು ಹಾಯುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಕಾಲೇಜು ಹುಡುಗಿಯರ ಗುಂಪೊಂದು ದಾಟುತ್ತಿತ್ತು. ಅವರ ನಡುವೆ ನುಸುಳಿಕೊಂಡು ಆಚೆ ಸೇರಿದಳು. ಶಾಲೆಯ ಗೇಟಿನಲ್ಲಿ ಜನವೋ ಜನ. ಪೊದೆ ಮೀಸೆಯ ವಾಚ್‌ಮನ್ ಅಡ್ಡ ನಿಂತಿದ್ದ. ಪುಟ್ಟಿ ಒಳಗಿನಿಂದಲೇ "ಅಜ್ಜೀ!" ಎಂದು ಕುಣಿದಳು.

"ಪದ ಹೇಳಿ ಅಜ್ಜಿ," ಎಂದ ವಾಚ್‌ಮನ್.

ಅಜ್ಜಿ ಅತ್ತಿತ್ತ ನೋಡಿದಳು. ಸುತ್ತ ಅಪ್ಪಂದಿರು, ಮಾವಂದಿರು, ತನ್ನದೇ ವಯಸ್ಸಿನ ಗಂಡಸರು. ಅವನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದಳು. ಅಷ್ಟರಲ್ಲಿ ಬೈಕೊಂದು ಹಾರ್ನ್ ಹೊಡೆಯಿತು.

"ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ."

"ಅದನ್ನೆಲ್ಲ ಜೋರಾಗಿ ಹೇಳಕ್ಕಾಗಲ್ಲಪ್ಪ. ನೋಡು, ಮಗು ನನ್ನನ್ನ ಕರೀತಾ ಇಲ್ವಾ? ಅಷ್ಟು ಸಾಲ್ದಾ?"

"ಮಕ್ಕಳು ಯಾರನ್ನ ಬೇಕಾದ್ರೂ ಅಜ್ಜಿ ಅಂತಾರೆ. ನನ್ನನ್ನ ಮಾವ ಅಂತಾರೆ, ಹಾಗಂತ ಇವರನ್ನೆಲ್ಲ ನಮ್ಮನೆಗೆ ಕರ್ಕೊಂಡು ಹೋಗ್ತೀನಾ?"

ಜನ ನಕ್ಕರು. ಅಜ್ಜಿಗೆ ಮೊದಲು ಸಿಟ್ಟು ಬಂತು. ಮರುಕ್ಷಣವೇ ಮನಸ್ಸು ತಿಳಿಯಾಯಿತು: ಇಷ್ಟು ಬೇಡಿದರೂ ಮಗುವನ್ನು ತನಗೇ ಕೊಡದವನು ಇನ್ಯಾರಿಗೆ ಕೊಟ್ಟಾನು? ಪುಟ್ಟಿ ಬಾಯಿಗೆ ಎರಡೂ ಕೈ ಒತ್ತಿಕೊಂಡು ನಿಂತಿದ್ದಳು. ಹೇಳಿಕೊಡಬಾರದಲ್ಲ!

ಅಜ್ಜಿ ಸೆರಗು ಸರಿಮಾಡಿಕೊಂಡು, ಕೋಲನ್ನು ನೆಲಕ್ಕೊತ್ತಿ, ತನ್ನ ಪೂರ್ತಿ ದನಿಯಲ್ಲಿ ಕೂಗಿದಳು: "ಮೊಲದಮರಿ!"

ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜ ಹೋದಮೇಲೆ ಆ ಪದವನ್ನು ಯಾರೂ ಗಟ್ಟಿಯಾಗಿ ಅಂದಿರಲಿಲ್ಲ. ತನ್ನ ಬಾಯಿಂದಲೇ ಅದನ್ನು ಕೇಳಿ ಅಜ್ಜಿಯ ಕಣ್ಣು ತುಂಬಿತು; ಜೊತೆಗೇ ತಡೆಯಲಾರದ ನಗು.

"ಯಾರು ಮೊಲದಮರಿ?" ಎಂದು ಒಬ್ಬ ಪೋರ ಕೇಳಿದ.

"ನಾನೇ ಕಣೋ!"

ಈಗ ಗೇಟಿಗೆ ಗೇಟೇ ನಕ್ಕಿತು. ವಾಚ್‌ಮನ್ ಮೀಸೆಯಡಿಯಲ್ಲಿ ನಗುತ್ತಾ ಪುಟ್ಟಿಯನ್ನು ಹೊರಗೆ ಬಿಟ್ಟ. ಸದ್ದು ಕೇಳಿ ಬಂದ ಹೆಡ್‌ಮೇಡಂ ಮಾತ್ರ ತಲೆಯಾಡಿಸಿದರು. "ಎಲ್ಲರಿಗೂ ಕೇಳಿಸಿಬಿಡ್ತಲ್ಲ ಅಜ್ಜಿ. ಇನ್ನು ಗುಟ್ಟೆಲ್ಲಿ ಬಂತು? ನಾಳೆಗೆ ಬೇರೆ ಪದ ಕೊಡ್ಬೇಕು."

"ಅದಕ್ಕೇನಂತೆ ಮೇಡಂ? ನಮ್ಮ ಯಜಮಾನರು ಇಟ್ಟ ಹೆಸರು ಒಂದಾ ಎರಡಾ!"

ಹೆಡ್‌ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದಿನಿಂದ ಪದವನ್ನು ಗೇಟಿನ ಪಕ್ಕದ ಕೋಣೆಯೊಳಗೆ ಹೇಳಿದರೆ ಸಾಕೆಂದು ಏರ್ಪಾಡಾಯಿತು.

ವಾಪಸು ಬರುವಾಗ ದೊಡ್ಡ ರಸ್ತೆ ಮತ್ತೆ ಎದುರಾಯಿತು. "ಭಯ ಪಡ್ಬೇಡ ಅಜ್ಜಿ. ಈ ಕಡೆ ನೋಡು, ಆ ಕಡೆ ನೋಡು, ಆಮೇಲೆ ಇನ್ನೊಂದ್ಸಲ ಈ ಕಡೆ," ಎಂದು ಪುಟ್ಟಿ ಕೈ ಹಿಡಿದಳು. ಬಸ್ಸೊಂದು ನಿಂತು ದಾರಿ ಬಿಟ್ಟಿತು. ಅಜ್ಜಿ ಡ್ರೈವರನಿಗೆ ರಾಣಿಯಂತೆ ಕೈ ಬೀಸಿ ದಾಟಿದಳು.

"ಅಜ್ಜ ನಿನ್ನನ್ನ ಹಾಗ್ಯಾಕೆ ಕರೀತಿದ್ರು? ನೀನು ಇಷ್ಟು ದೊಡ್ಡೋಳು!"

"ಮದುವೆಯಾದ ಹೊಸತರಲ್ಲಿ ಅವರ ಮನೇಲಿ ಯಾರು ಮಾತಾಡಿಸಿದ್ರೂ ಬಾಗಿಲ ಹಿಂದೆ ಓಡಿಹೋಗ್ತಿದ್ದೆ."

"ನೀನಾ? ನಾಚ್ಕೋತಿದ್ಯಾ?" ಪುಟ್ಟಿಗೆ ನಂಬಿಕೆಯೇ ಬರಲಿಲ್ಲ.

"ಹೂಂ, ನಾನೇ. ಇನ್ನೂ ಕೇಳು..."

ಕತೆ ಮುಗಿಯಲಿಲ್ಲವೆಂದು ಇಬ್ಬರೂ ತಮ್ಮ ಬೀದಿಯ ತಿರುವು ಬಿಟ್ಟು, ಪಾರ್ಕನ್ನು ಬಳಸಿಕೊಂಡು ಹೋಗುವ ದೂರದ ದಾರಿ ಹಿಡಿದರು.