ಕಿರುಬೆರಳಿನ ಅಳತೆ

ಮೂರನೆಯ ಡ್ರಾಯರನ್ನೂ ನೆಲಕ್ಕೆ ಬೋರಲು ಹಾಕಿ, ಅರ, ಇಕ್ಕಳ, ಮೇಣದ ತುಂಡುಗಳ ನಡುವೆ ಮಗಳು ಕೈಯಾಡಿಸಿದಳು. ಉಂಗುರ ಅಲ್ಲೂ ಇರಲಿಲ್ಲ. ಗೋಡೆಯಾಚೆ, ಮುಂಗೋಣೆಯಲ್ಲಿ, ಅಪ್ಪನನ್ನು ಮಲಗಿಸಿದ್ದರು. ನಿನ್ನೆ ಸಂಜೆ ಇದೇ ಅಕ್ಕಸಾಲೆ ಮೇಜಿನ ಮುಂದೆ ಕೂತಲ್ಲೇ ಹೋಗಿಬಿಟ್ಟಿದ್ದರು.

"ಇನ್ನರ್ಧ ಗಂಟೇಲಿ ವ್ಯಾನು ಬರುತ್ತೆ," ಬಾಗಿಲಲ್ಲಿ ನಿಂತ ಸೋದರಮಾವ ಗದರಿದರು. "ಅಲ್ಲಿ ಜನ ಕೂತಿದಾರೆ. ಇದೇನಮ್ಮಾ ನಿನ್ನ ಅವತಾರ?"

"ಇವರ ಉಂಗುರ ಹುಡುಕ್ತಿದೀನಿ ಮಾವ."

ಇವರೆಂದರೆ ಮೂಲೆಯಲ್ಲಿ ಕಳ್ಳನ ಹಾಗೆ ನಿಂತಿದ್ದ ಬಸ್ ಡ್ರೈವರ್. "ಬೇಡ ಅಕ್ಕ, ನಾನು ಕೊನೇದಾಗಿ ಮುಖ ನೋಡೋಕೆ ಬಂದಿದ್ದು. ನಾಳೆ ನಿಶ್ಚಿತಾರ್ಥಕ್ಕೆ ಹೇಗೋ ಮಾಡ್ಕೋತೀವಿ."

"ಮುಖ ನೋಡೋಕೆ ಬಂದೋನು ನಾಳೆ ಸುದ್ದಿ ಯಾಕೆ ಎತ್ತಿದೆ?" ಎಂದಳು ಪಕ್ಕದ ಮನೆಯ ಟೈಲರಮ್ಮ. ಅವಳ ನಾಲಿಗೆಗೆ ಸಾವಿನ ಮನೆ, ಮದುವೆ ಮನೆ ಎಂಬ ಭೇದವಿರಲಿಲ್ಲ.

"ಅಪ್ಪ ಏಳು ತಿಂಗಳು ಕಾಯಿಸಿದಾರೆ," ಎಂದಳು ಮಗಳು. "ಇವತ್ತು ಇವರು ತಗೊಂಡೇ ಹೋಗ್ಬೇಕು."

ಉಂಗುರ ಸಿಕ್ಕಿದ್ದು ಅಪ್ಪನ ಕನ್ನಡಕದ ಡಬ್ಬಿಯಲ್ಲಿ. ಬೆರಳಿಗೆ ಕೂರುವ ಚಿನ್ನದ ಸುತ್ತಷ್ಟೇ ಮುಗಿದಿತ್ತು. ಕಲ್ಲು ಕಾಗದದ ಪೊಟ್ಟಣದಲ್ಲಿ ಬೇರೆಯಾಗಿತ್ತು.

*

ಡ್ರೈವರ್ ಮೊದಲ ಸಲ ಬಂದಾಗ ಜೊತೆಗೆ ಅವನು ಮದುವೆಯಾಗುವ ನರ್ಸ್ ಇದ್ದಳು. "ದಿನಕ್ಕೆ ನಲವತ್ತು ಸಲ ರಬ್ಬರ್ ಗ್ಲೌಸ್ ಹಾಕಿ ತೆಗೀತೀನಿ," ಅಂದಿದ್ದಳು. "ಉಂಗುರ ಅದರೊಳಗೇ ಇರ್ಬೇಕು. ಬಿಚ್ಚಿಟ್ರೆ ಕಳೆದುಹಾಕ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

ಅಪ್ಪನಿಗೆ ಇಷ್ಟು ಸಾಕಾಯಿತು. ಅವಳ ಉಂಗುರದ ಬೆರಳೂ ತನ್ನ ಕಿರುಬೆರಳೂ ಒಂದೇ ಅಳತೆ ಎಂದು ಗೊತ್ತಾದ ಮೇಲಂತೂ ಕುಣಿಯುವುದೊಂದು ಬಾಕಿ. ಒಂದು ಪೆಟ್ಟಿಗೆ ಗ್ಲೌಸ್ ತರಿಸಿದರು. ಒಂದು ವಿನ್ಯಾಸ ಬರೆಯುವುದು, ಮೇಣದಲ್ಲಿ ಮಾಡುವುದು, ಕಿರುಬೆರಳಿಗೆ ಹಾಕಿ ಮೇಲೆ ರಬ್ಬರ್ ಎಳೆಯುವುದು, ಹರಿದರೆ ಮೇಣ ಕರಗಿಸಿ ಮತ್ತೆ ಬರೆಯುವುದು. ಹೀಗೆ ಒಂಬತ್ತು ಸಲ. ಮರದ ಕೋಲಿಗೆ ಹಾಕಿ ನೋಡಬಾರದೇ ಅಂದರೆ, ಕೋಲಿಗೆ ಗಿಣ್ಣೆಲ್ಲಿದೆ, ಚರ್ಮವೆಲ್ಲಿದೆ ಎಂಬ ವಾದ.

ಯಾರು ಬಂದು ಕೇಳಿದರೂ "ಇನ್ನೊಂಚೂರಿದೆ" ಎನ್ನುತ್ತಿದ್ದರು. ಬೀದಿಯಲ್ಲಿ ಅವರ ಹೆಸರೇ ಇನ್ನೊಂಚೂರು ಆಗಿತ್ತು. ನಿಶ್ಚಿತಾರ್ಥದ ಉಂಗುರವನ್ನು ಮಗುವನ್ನೆತ್ತಿಕೊಂಡು ಬಂದು ಒಯ್ದವರೂ ಇದ್ದರು. ಬೈಗುಳ ತಿನ್ನುವ ಕೆಲಸ ಮಾತ್ರ ಮಗಳ ಪಾಲಿಗಿತ್ತು.

"ಕಲ್ಲು ನಾನು ಕೂರಿಸ್ತೀನಿ ಕೊಡಪ್ಪಾ," ಎಂದು ಕಳೆದ ವಾರವೂ ಕೇಳಿದ್ದಳು.

"ನೀನು ಪಾಲಿಶ್ ನೋಡ್ಕೋ."

ಹದಿನಾರು ವರ್ಷದಿಂದ ಇದೇ ಉತ್ತರ. ಒಮ್ಮೆ ಅವರಿಲ್ಲದಾಗ ಒಂದು ಕಲ್ಲು ಕೂರಿಸಿಟ್ಟಿದ್ದಳು. ಅಪ್ಪ ಬೈಯಲೂ ಇಲ್ಲ. ಕಲ್ಲು ಕಿತ್ತು ಮತ್ತೆ ತಾವೇ ಕೂರಿಸಿದರು. ಬೈದಿದ್ದರೆ ಅವಳು ಅದನ್ನು ಎಂದೋ ಮರೆತಿರುತ್ತಿದ್ದಳು.

*

ಸುತ್ತಿಗೆಯ ಟಕಟಕ ಕೇಳಿ ಮುಂಗೋಣೆಯ ಮಾತು ನಿಂತಿತು. ಅಪ್ಪನ ಕುರ್ಚಿಯಲ್ಲಿ ಕೂತು ಮಗಳು ಕಲ್ಲಿನ ಸುತ್ತ ಚಿನ್ನದ ಅಂಚನ್ನು ಕೂದಲೆಳೆಯಷ್ಟಷ್ಟೇ ಒತ್ತುತ್ತಿದ್ದಳು. ಸಿಟ್ಟಿನಲ್ಲಿ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ.

ಕಲ್ಲು ಕೂತಿತು. ಆದರೆ ರಬ್ಬರ್ ಹರಿಯುತ್ತದೋ ಇಲ್ಲವೋ? ಉಂಗುರ ಅವಳ ಕಿರುಬೆರಳಿನಲ್ಲಿ ನಡುಗಿಣ್ಣಿನಾಚೆ ಹೋಗಲಿಲ್ಲ. ಡ್ರೈವರನ ಬೆರಳುಗಳನ್ನಂತೂ ನೋಡುವುದೇ ಬೇಡ. ನರ್ಸ್ ಸಂಜೆಯವರೆಗೆ ಡ್ಯೂಟಿಯಲ್ಲಿದ್ದಳು.

"ಹಾಗೇ ಕೊಡಿ ಅಕ್ಕ, ಚೆನ್ನಾಗಿದೆ."

"ಹರಿದ್ರೆ ನಾಡಿದ್ದು ಬಿಚ್ಚಿಡ್ತಾಳೆ, ಆಚೆ ನಾಡಿದ್ದು ಕಳೀತಾಳೆ. ಆಮೇಲೆ ಮಗಳು ಕೆಡಿಸಿದ್ಲು ಅಂತಾರೆ."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಅವಳು ಗ್ಲೌಸಿನ ಒಂದು ಬೆರಳನ್ನು ಕತ್ತರಿಸಿಕೊಂಡು ನೇರ ಮುಂಗೋಣೆಗೆ ನಡೆದಳು. ಅಪ್ಪನ ಪಕ್ಕ ಮಂಡಿಯೂರಿ, ಸೆಟೆದ ಕಿರುಬೆರಳಿಗೆ ಉಂಗುರವನ್ನು ಒತ್ತಿ ಇಳಿಸಿ, ಮೇಲೆ ರಬ್ಬರ್ ಎಳೆದಳು.

"ಏಯ್, ಏನಿದು!" ಎಂದರು ಮಾವ.

ಅವಳು ರಬ್ಬರನ್ನು ಕಿತ್ತು ಬೆಳಕಿಗೆ ಹಿಡಿದಳು. ಮತ್ತೆ ಹಾಕಿದಳು, ಮತ್ತೆ ಕಿತ್ತಳು. ಹತ್ತು ಸಲವಾದರೂ ಒಂದು ಗೀರು ಬೀಳಲಿಲ್ಲ.

"ಆಯ್ತು," ಎಂದಳು. ಆ ಮನೆಯಲ್ಲಿ ಆ ಮಾತನ್ನು ಯಾರೂ ಕೇಳಿಯೇ ಇರಲಿಲ್ಲ. ಡ್ರೈವರ್ ಅಂಗೈ ಒಡ್ಡಿದ.

ಉಂಗುರ ಬರಲಿಲ್ಲ. ತಿರುಗಿಸಿದಳು, ಎಳೆದಳು. ಗಿಣ್ಣಿನ ಹತ್ತಿರ ಬಂದು ಕಚ್ಚಿ ನಿಂತಿತು.

"ಈಗಲೂ ಕೊಡಲ್ಲ ನೋಡಿ," ಎಂದು ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮಾವ ಗೊಣಗುತ್ತಲೇ ಬಚ್ಚಲಿಗೆ ಹೋಗಿ ಸೋಪು ತಂದರು.

"ಬಿಡಪ್ಪಾ," ಎಂದಳು ಮಗಳು. "ಇದು ನಾನು ಮಾಡಿದ್ದು. ಸರಿಯಾಗಿದೆ. ಬಿಡು."

ವ್ಯಾನಿನವನು ಮತ್ತೆ ಹಾರ್ನ್ ಹೊಡೆದ. ಅವಳು ತಲೆಯೆತ್ತಲಿಲ್ಲ. ನೊರೆ ಹತ್ತಿದ ಆ ಬೆರಳನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಉಂಗುರವನ್ನು ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಿರುಗಿಸುತ್ತ ಹೋದಳು. ಎತ್ತಿಕೊಳ್ಳಲು ಎದ್ದು ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಮತ್ತೆ ಕೂತರು.